ಎಲ್ಲ ಫೆಟ್ಲಿಂಗ್ ಆಗಿದ್ದ ಊರಿನಲ್ಲಿ

ಲೋಹದ ಯಾವುದೇ ವಸ್ತು ಕೈಗೆ ಬಂದರೂ ನನ್ನ ಹೆಬ್ಬೆರಳು ನನ್ನ ಅಪ್ಪಣೆಗೆ ಕಾಯದೆ ಅದರ ಅಂಚಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬರುತ್ತದೆ. ಕುಕ್ಕರಿನ ಮುಚ್ಚಳ, ಬಾಗಿಲ ಚಿಲಕ, ಹೋಟೆಲಿನ ಚಮಚ, ಯಾವುದೂ ಈ ತಪಾಸಣೆಯಿಂದ ಪಾರಾಗಿಲ್ಲ. ಮೊನ್ನೆ ಸಿಂಗಾಪುರದ ಸೆರಂಗೂನಿನ ಮಾಲಿನಲ್ಲಿ ಎರಕದ ಕಾವಲಿಯೊಂದನ್ನು ಎತ್ತಿಕೊಂಡು ಹೀಗೆ ಬೆರಳಾಡಿಸುತ್ತ ನಿಂತಿದ್ದೆ. ಅಂಗಡಿಯಾಕೆ ಬಂದು ಏನಾದರೂ ತೊಂದರೆಯೇ ಎಂದು ವಿನಯದಿಂದ ವಿಚಾರಿಸಿದಳು. ತೊಂದರೆ ಏನೂ ಇರಲಿಲ್ಲ. ಫೆಟ್ಲಿಂಗ್ ಬಹಳ ಚೆನ್ನಾಗಿ ಆಗಿದೆ ಎಂದು ಹೇಳಬೇಕೆನ್ನಿಸಿತು. ಆದರೆ ಆ ಪದದ ಅರ್ಥವನ್ನು ಹೇಳಲು ಹೊರಟರೆ ಅಂಗಡಿ ಮುಚ್ಚುವ ಹೊತ್ತಾದೀತೆಂದು ಸುಮ್ಮನಾದೆ. ನಿಮ್ಮ ಮುಂದೆ ಆ ಭಯವಿಲ್ಲ. ಬೇಸರವಾದರೆ ನೀವು ಪುಟ ತಿರುವಬಹುದು.

ಎರಕದ ಕಾರ್ಖಾನೆಯ ಹತ್ತಿರ ಬೆಳೆಯದವರು ಈ ಪದವನ್ನು ಕೇಳಿರಲಾರರು. ಮರಳಿನ ಅಚ್ಚಿನೊಳಗೆ ಕಬ್ಬಿಣದ ರಸವನ್ನು ಹೊಯ್ದು, ಆರಿದ ಮೇಲೆ ಅಚ್ಚನ್ನು ಒಡೆದಾಗ ಹೊರಬರುವುದು ಚೆಲುವಾದ ವಸ್ತುವೇನಲ್ಲ. ರಸ ಹರಿದು ಬಂದ ದಾರಿ ಬಾಲವಾಗಿ ಅಂಟಿಕೊಂಡಿರುತ್ತದೆ. ಅಚ್ಚಿನ ಎರಡು ಅರೆಗಳು ಕೂಡುವಲ್ಲಿ ಸೋರಿದ ಕಬ್ಬಿಣವು ತೆಳ್ಳನೆಯ ರೆಕ್ಕೆಯಂತೆ ನಿಂತಿರುತ್ತದೆ. ಮೈತುಂಬ ಸುಟ್ಟ ಮರಳು. ಇವನ್ನೆಲ್ಲ ಉಳಿ, ಸುತ್ತಿಗೆ, ಅರ, ಸಾಣೆಗಳಿಂದ ತೆಗೆದು, ವಸ್ತುವನ್ನು ಅದರ ನಿಜವಾದ ಆಕಾರಕ್ಕೆ ತರುವ ಕೆಲಸವೇ ಫೆಟ್ಲಿಂಗ್. ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ನನ್ನ ಅಪ್ಪ ಆ ವಿಭಾಗದ ಫೋರ್‌ಮನ್ ಆಗಿದ್ದರು. ಮರಳು, ಬೆಂಕಿ, ಎರಕ ಇವೆಲ್ಲ ಪೂರ್ವಸಿದ್ಧತೆಗಳೆಂದೂ ನಿಜವಾದ ಕೆಲಸ ತಮ್ಮಲ್ಲಿಂದ ಆರಂಭವಾಗುತ್ತದೆಂದೂ ಅವರು ದೃಢವಾಗಿ ನಂಬಿದ್ದರು. ವಿನಯ ಅವರ ದೋಷಗಳಲ್ಲಿ ಒಂದಾಗಿರಲಿಲ್ಲ.

ಆ ಪದ ಕಾರ್ಖಾನೆಯ ಗೇಟಿನಲ್ಲಿ ನಿಲ್ಲದೆ ಅಪ್ಪನ ಸೈಕಲ್ಲಿನ ಹಿಂದೆ ಕುಳಿತು ಮನೆಗೆ ಬಂದಿತ್ತು. ಅವ್ವ ಚವಳಿಕಾಯಿಯ ನಾರು ತೆಗೆದರೆ ಅದು ಫೆಟ್ಲಿಂಗ್. ಕ್ಷೌರಿಕನ ಕತ್ತರಿಯಿಂದ ಎದ್ದು ಬಂದ ನನ್ನ ತಲೆಯನ್ನು ಹಿಡಿದು ತಿರುಗಿಸಿ, ಕಿವಿಯ ಹಿಂದೆ ಉಳಿದ ನಾಲ್ಕು ಕೂದಲನ್ನು ಕಂಡು, "ಇಂವಂದು ಪೂರಾ ಫೆಟ್ಲಿಂಗ್ ಆಗಿಲ್ಲ, ವಾಪಸ್ ಕಳಸ್ರಿ," ಎಂದು ಅವಳು ತೀರ್ಪು ಕೊಡುತ್ತಿದ್ದಳು. ದೀಪಾವಳಿಯ ಹಿಂದಿನ ದಿನ ಮನೆ ತೊಳೆಯುವುದು ಮಹಾ ಫೆಟ್ಲಿಂಗ್. ಮನೆಗೆ ಬಂದ ನೆಂಟರು ಇದನ್ನು ನಮ್ಮ ಕಡೆಯ ಯಾವುದೋ ಹಳೆಯ ದೇಸೀ ಪದವೆಂದು ತಿಳಿದು, ತಮ್ಮ ಊರುಗಳಿಗೂ ಒಯ್ದರು. ಅದು ಎಲ್ಲೆಲ್ಲಿ ಬೇರು ಬಿಟ್ಟಿದೆಯೋ ತಿಳಿಯದು.

ನಾನು ಮುಂದೆ ಪ್ರೌಢಶಾಲೆಯಲ್ಲಿ ಕನ್ನಡವನ್ನೂ ಇಂಗ್ಲಿಷನ್ನೂ ಕಲಿಸುವ ಮೇಷ್ಟರಾದೆ. ಮಕ್ಕಳ ಪ್ರಬಂಧಗಳಲ್ಲಿ ಅನಾವಶ್ಯಕವಾದ ಪ್ರತಿ ವಿಶೇಷಣವನ್ನೂ ಕೆಂಪು ಶಾಯಿಯಿಂದ ಕೊಯ್ದುಹಾಕುತ್ತಿದ್ದ ನನಗೆ ಅವರು 'ಗ್ರೈಂಡರ್ ಸರ್' ಎಂದು ಹೆಸರಿಟ್ಟಿದ್ದರು. ಹೆಸರು ಕಿವಿಗೆ ಬಿದ್ದಾಗ ಸಿಟ್ಟು ಬರಲಿಲ್ಲ. ವಂಶಪಾರಂಪರ್ಯವನ್ನು ಮಕ್ಕಳು ಇಷ್ಟು ನಿಖರವಾಗಿ ಗುರುತಿಸಿದರಲ್ಲ ಎಂದು ಬೆರಗಾಯಿತು. ಈ ಪದದ ಮೂಲವನ್ನು ನಿಘಂಟುಗಳಲ್ಲಿ ಬೆನ್ನಟ್ಟಿದ್ದೂ ಆಗಲೇ. ಪ್ರಾಚೀನ ಇಂಗ್ಲಿಷಿನಲ್ಲಿ ಇದರ ಬೇರು ನಡುಪಟ್ಟಿಯ ಹೆಸರಂತೆ. ಮಧ್ಯಯುಗದ ಹೊತ್ತಿಗೆ ಅದು ಕ್ರಿಯಾಪದವಾಗಿ, ಅಣಿಗೊಳಿಸು, ಒಪ್ಪ ಮಾಡು ಎಂಬ ಅರ್ಥಗಳನ್ನು ಪಡೆಯಿತು. ಇದನ್ನು ನನಗೆ ಯಾರೂ ವಿವರಿಸಬೇಕಾಗಲಿಲ್ಲ. ಕೆಲಸಕ್ಕೆ ಸಿದ್ಧನಾದವನು ಟೊಂಕ ಕಟ್ಟಿ ನಿಂತ ಎಂದು ನಾವೂ ಹೇಳುತ್ತೇವಲ್ಲ! ಕೆಲಸಗಾರನ ಸೊಂಟವನ್ನು ಬಿಗಿದ ಮೇಲೆ ಪದ ಊರೂರು ಅಲೆದಿದೆ. ಕುಂಬಾರರು ಹಸಿಮಣ್ಣಿನ ಪಾತ್ರೆಯ ಬೆಸುಗೆಯ ಗೆರೆಯನ್ನು ಹೆರೆದು ತೆಗೆಯುವುದಕ್ಕೆ ಅದನ್ನು ಬಳಸಿದರು. ಕಬ್ಬಿಣದವರು ಕುಲುಮೆಯ ಒಳಮೈಗೆ ಲೇಪ ಕೊಡುವುದಕ್ಕೂ ಅದನ್ನೇ ಕರೆದರು. ಉತ್ತರ ಇಂಗ್ಲೆಂಡಿನ ಗೃಹಿಣಿಯರು ಮನೆಯನ್ನು ಚೊಕ್ಕಟ ಮಾಡುವುದೂ, ಅಲ್ಲಿಯ ಗಂಡಸರು ಕೆಟ್ಟ ಯಂತ್ರವನ್ನು ಸರಿಪಡಿಸುವುದೂ, ಸಿಟ್ಟು ಬಂದರೆ ಒಬ್ಬನನ್ನು ಹಿಡಿದು ಬಡಿಯುವುದೂ ಅದೇ ಪದದಿಂದಲೇ. ನಮ್ಮಲ್ಲಿಯೂ ರಿಪೇರಿ ಮಾಡುತ್ತೇನೆ ಎಂದರೆ ಕೇಳಿದವನು ಫ್ಯಾನನ್ನು ನೋಡಬೇಕೋ ಓಡಬೇಕೋ ಎಂದು ಸಂದರ್ಭ ನೋಡಿ ತೀರ್ಮಾನಿಸುತ್ತಾನೆ. ಕೊನೆಗೆ ಪದ ನಾಮಪದವಾಗಿ, ಒಳ್ಳೆಯ ಆರೋಗ್ಯ, ಒಳ್ಳೆಯ ಲಹರಿ ಎಂಬಲ್ಲಿ ನಿವೃತ್ತಿ ಹೊಂದಿ ಕುಳಿತಿದೆ.

ಅಪ್ಪ ನಿವೃತ್ತರಾದ ಮೇಲೆ ಹಾಗೆ ಕುಳಿತವರಲ್ಲ. ಅದೇ ಕಷ್ಟವಾದದ್ದು.

ನನ್ನ ಹೆಂಡತಿ ಸುನಂದಾ ಮೈಸೂರಿನವಳು. ಸೆಲೆಟಾರಿನಲ್ಲಿ ವಿಮಾನದ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸ ಅವಳಿಗೆ ಸಿಕ್ಕಿದಾಗ ನಾನು ಶಾಲೆಗೆ ರಾಜೀನಾಮೆ ಕೊಟ್ಟು, ಅವಳ ಅವಲಂಬಿತ ಎಂಬ ಸರ್ಕಾರಿ ವಿಶೇಷಣವನ್ನು ಧರಿಸಿ ಸಿಂಗಾಪುರಕ್ಕೆ ಬಂದೆ. ಅಡುಗೆ ನನ್ನ ಪಾಲಿಗೆ ಬಂತು. ಅವ್ವ ತೀರಿಕೊಂಡ ಮೇಲೆ ಅಪ್ಪ ಬೆಳಗಾವಿಯಲ್ಲಿ ನನ್ನ ತಮ್ಮನ ಮಕ್ಕಳ ನಡುವೆ ಸುಖವಾಗಿಯೇ ಇದ್ದರು. ಆದರೂ ಹಾಸ್ಟೆಲ್ ಸೇರಿದ ದಿನದಿಂದ ಅಪ್ಪನೊಡನೆ ಒಂದು ಸೂರಿನಡಿ ನಾನು ಹಬ್ಬದ ರಜೆಗಳಿಗಿಂತ ಹೆಚ್ಚು ಇದ್ದವನಲ್ಲ. ಮೂರು ತಿಂಗಳು ಬಂದು ಇರಿ ಎಂದು ಕಾಡಿ ಬೇಡಿ ಕರೆಸಿದೆ. ಬಂದವರು ಎಂಟು ದಿನಕ್ಕೇ ಚಡಪಡಿಸತೊಡಗಿದರು.

"ಏನ್ ಊರಪಾ ಇದು ಮಲ್ಲೂ," ಎಂದರು ಒಂದು ಬೆಳಿಗ್ಗೆ, ಹನ್ನೊಂದನೆಯ ಮಹಡಿಯ ಕಿಟಕಿಯಿಂದ ಕೆಳಗೆ ನೋಡುತ್ತ. "ಗಿಡದ ಟೊಂಗಿ ಸುದ್ದಾ ಅಳತಿಗೆ ಕತ್ತರಿಸ್ಯಾರ. ಎಲ್ಲಾ ಫೆಟ್ಲಿಂಗ್ ಮಾಡೇ ಇಟ್ಟಾರ. ನನಗೇನ ಕೆಲಸ ಐತಿ ಇಲ್ಲೆ?"

"ವಿಶ್ರಾಂತಿ ತಗೊಳ್ರಿ ಅಪ್ಪ."

"ವಿಶ್ರಾಂತಿ ಮಾಡಿ ಮಾಡಿ ದಣದೇನಿ. ಆ ಟಿಕೀಟ ಅಂತಾರಲ್ಲ, ಅದನ್ನ ಮುಂಚಿಗೆ ತರಾಕ ಬರ್ತೈತೇನ ಕೇಳ ಆಕೀನ್ನ."

ಆಕೀ ಎಂದರೆ ಸುನಂದಾ. ಟಿಕೆಟ್ಟು ಅವಳ ಲ್ಯಾಪ್‌ಟಾಪಿನಲ್ಲಿತ್ತು. ಅವಳು ನನ್ನ ಮುಖ ನೋಡಿದಳು, ನಾನು ಬೇಡವೆಂದು ತಲೆಯಾಡಿಸಿದೆ. "ಮಾವ, ಈ ವಾರ ಆಫೀಸಲ್ಲಿ ಆಡಿಟ್ ಇದೆ. ಮುಗಿದ್ಮೇಲೆ ಏರ್‌ಲೈನ್‌ಗೆ ಕಾಲ್ ಮಾಡ್ತೀನಿ," ಎಂದಳು. ಆ ವಾರ ಅಲ್ಲಿ ಯಾವ ಆಡಿಟ್ಟೂ ಇರಲಿಲ್ಲ. ಹೀಗೆ ನನಗೆ ಒಂದು ವಾರದ ಗಡುವು ಸಿಕ್ಕಿತು.

ನನ್ನನ್ನು ಕಾಪಾಡಿದ್ದು ಒಂದು ಕಳಪೆ ಪಡ್ಡಿನ ಹಂಚು. ಅಪ್ಪನಿಗೆ ಪಡ್ಡು ಇಷ್ಟವೆಂದು ಲಿಟಲ್ ಇಂಡಿಯಾದ ಅಂಗಡಿಯಿಂದ ಎರಕದ ಹಂಚನ್ನು ತಂದಿದ್ದೆ. ಮೊದಲ ಹೊಯ್ಯಲಿನಲ್ಲಿ ಒಂದು ಪಡ್ಡೂ ಇಡಿಯಾಗಿ ಮೇಲೇಳಲಿಲ್ಲ. ಕೆರೆದು ತೆಗೆದದ್ದನ್ನು ಉಪ್ಪಿಟ್ಟೆಂದು ಬಡಿಸುವ ಯೋಚನೆಯಲ್ಲಿದ್ದಾಗ ಅಪ್ಪ ಹಿಂದಿನಿಂದ ಬಂದು, ಹಂಚು ಆರುವುದನ್ನೂ ಕಾಯದೆ, ಗುಳಿಯೊಳಗೆ ಬೆರಳಿಟ್ಟರು.

"ಯಾವ ಮಗಾ ಪಾಸ್ ಮಾಡ್ಯಾನ ಇದನ್ನ?" ಎಂದು ಗುಡುಗಿದರು. ಎಷ್ಟೋ ದಿನಗಳ ಮೇಲೆ ಕೇಳಿದ ಆ ದನಿ ನನಗೆ ಹಿತವಾಗಿತ್ತು. "ಒಂದ ಅರಾ ತಗೊಂಡ ಬಾ. ಒಂದ ಉದ್ದಂದು, ಒಂದ ಅರ್ಧಚಂದ್ರಂದು."

ಹಾರ್ಡ್‌ವೇರ್ ಅಂಗಡಿಗೆ ನಾನು ಓಡಿದ ಪರಿಯನ್ನು ಕಂಡಿದ್ದರೆ ನನ್ನ ಹಳೆಯ ವಿದ್ಯಾರ್ಥಿಗಳು ಬೇರೊಂದು ಹೆಸರಿಡುತ್ತಿದ್ದರು. ಮನೆಯಲ್ಲಿ ಉಜ್ಜಿದರೆ ನೆರೆಯವರಿಗೆ ಸದ್ದಾಗುತ್ತದೆಂದು ಅಪ್ಪ ಕೆಳಗಿನ ವಾಯ್ಡ್ ಡೆಕ್ಕಿಗೆ ಇಳಿದರು. ಕಟ್ಟಡದ ಬುಡದಲ್ಲಿ ಗೋಡೆಗಳಿಲ್ಲದೆ ಕಂಬಗಳ ನಡುವೆ ತೆರೆದಿರುವ ನೆರಳಿನ ಜಾಗವದು. ಮದುವೆಯೂ ಅಲ್ಲೇ, ಶವಸಂಸ್ಕಾರದ ಕೂಟವೂ ಅಲ್ಲೇ, ಮುದುಕರ ಚದುರಂಗವೂ ಅಲ್ಲೇ. ಕಲ್ಲಿನ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಲುಂಗಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಅಪ್ಪ ಹಂಚನ್ನು ಉಜ್ಜಲು ಕುಳಿತರು. ಸಂಜೆಗೆ ಪಡ್ಡುಗಳು ತಾವಾಗಿಯೇ ಹೊರಳಿದವು. ಮರುದಿನ ಎದುರು ಬ್ಲಾಕಿನ ತಮಿಳು ಆಂಟಿ ದೋಸೆಕಲ್ಲು ತಂದಿಟ್ಟರು. ಅದರ ಮರುದಿನ ಯಾರೋ ಕಾಲು ಕುಂಟುವ ಒಲೆ ತಂದರು. ಅಪ್ಪ ಬೆಳಗಿನ ತಿಂಡಿ ಮುಗಿಸಿ ಲಿಫ್ಟಿನಲ್ಲಿ ಇಳಿಯುವಾಗ "ಡ್ಯೂಟಿಗೆ ಹೋಗಿ ಬರ್ತೇನಿ" ಎಂದು ಹೇಳಿಹೋಗತೊಡಗಿದರು.

ಆ ವಾರವೇ ಸುನಂದಾ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ನಗತೊಡಗಿದಳು. "ಮೇಷ್ಟ್ರೇ, ಕೇಳಿ. ನಮ್ಮ ಸೀನಿಯರ್ ಕಾಲಿನ್ ಇದ್ದಾರಲ್ಲ, ಇಂಗ್ಲೆಂಡ್ ನಾರ್ತ್‌ನವರು, ಇವತ್ತು ಒಂದು ಬ್ರ್ಯಾಕೆಟ್ ನನ್ನ ಕೈಗೆ ಕೊಟ್ಟು, 'ಇದಕ್ಕೆ ಸ್ವಲ್ಪ ಫೆಟ್ಲ್ ಬೇಕು' ಅಂದ್ರು. ನನಗೆ ಶಾಕ್ ಆಯ್ತು. ನಿಮಗೆ ಬೆಳಗಾವಿ ಗೊತ್ತಾ ಅಂತ ಕೇಳೇಬಿಟ್ಟೆ!"

ನಾನು ನಡುಪಟ್ಟಿಯಿಂದ ಆರಂಭಿಸಿ ಪದದ ಚರಿತ್ರೆಯನ್ನು ಅಪ್ಪನಿಗೆ ಕ್ರಮಬದ್ಧವಾಗಿ ನಿರೂಪಿಸಿದೆ. ಅವರು ತಾಳ್ಮೆಯಿಂದ ಕೇಳಿ, "ಅದೆಲ್ಲಾ ಇರ್ಲಿ. ಆ ಕಾಲಿನ್ ಸಾಹೇಬ ನಮ್ಮ ಕಡೆ ಯಾವ ಫೌಂಡ್ರಿಯಾಗ ಕೆಲಸಕ್ಕಿದ್ದ, ಕೇಳ ಒಮ್ಮೆ," ಎಂದರು. ಇಂಗ್ಲೆಂಡಿನವರು ಅದನ್ನು ಬೆಳಗಾವಿಯಿಂದ ಒಯ್ದರೆಂಬ ಅವರ ಸಿದ್ಧಾಂತವನ್ನು ಅಲುಗಿಸಲು ಯಾವ ನಿಘಂಟಿಗೂ ಸಾಧ್ಯವಾಗಲಿಲ್ಲ. ಟಿಕೆಟ್ಟಿನ ಮಾತು ಮಾತ್ರ ಬರಲಿಲ್ಲ. ನಾನು ಗೆದ್ದೆನೆಂದುಕೊಂಡೆ.

ಪಕ್ಕದ ಮನೆಯ ರೋಹಾನಾ ಆಂಟಿ ಮಲಯ ಹೆಂಗಸು. ನನಗಿಂತ ಹತ್ತು ವರ್ಷಕ್ಕೆ ಹಿರಿಯರಿರಬಹುದು. ಇಡೀ ಬ್ಲಾಕಿಗೆ ಅವರು ಆಂಟಿ. ರಂಜಾನಿನ ಕೊನೆಯ ವಾರದಲ್ಲಿ ಅವರು ಹಿತ್ತಾಳೆಯದೊಂದು ಭಾರವಾದ ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ ತಂದರು. ಬಹುಲು ಎಂಬ ಹಬ್ಬದ ತಿಂಡಿಯ ಅಚ್ಚದು: ಮೊಟ್ಟೆ, ಹಿಟ್ಟು, ಸಕ್ಕರೆ ಕಲಸಿ ಹೊಯ್ದು ಬೇಯಿಸಿದರೆ ಪುಟ್ಟ ಹೂವಿನಾಕಾರದ ಕೇಕುಗಳು ಬರುತ್ತವೆ. ಅವರ ತಾಯಿ ಬಳಸುತ್ತಿದ್ದ ಅಚ್ಚು. ಅಂಚಿನಲ್ಲಿ ಕಿಟ್ಟ ಕಟ್ಟಿ ಮುಚ್ಚಳ ಸರಿಯಾಗಿ ಕೂರುತ್ತಿಲ್ಲ, ಅದನ್ನಷ್ಟು ತೆಗೆದುಕೊಡಬಹುದೇ ಎಂದು ಕೇಳಿದರು. ನಾನು ಅನುವಾದಿಸಿದೆ. ಅಪ್ಪ ಅಚ್ಚನ್ನು ತಿರುಗಿಸಿ ನೋಡಿ, "ಸಂಜಿಗೆ ಒಯ್ಯಾಕ ಹೇಳ," ಎಂದರು.

ಅಪ್ಪ ಜೀವಮಾನವೆಲ್ಲ ಕಬ್ಬಿಣ ಉಜ್ಜಿದವರು, ಹಿತ್ತಾಳೆ ಮೆತ್ತಗಿನದು. ಅಂಚು ಚೊಕ್ಕಟವಾಯಿತು, ಮುಚ್ಚಳ ಕುಳಿತಿತು. ಅಲ್ಲಿಗೆ ನಿಲ್ಲಬಹುದಿತ್ತು. ಆದರೆ ಮೂಲೆಯ ಗುಳಿಯೊಂದರ ಒಳಗೆ, ಸವೆದು ಅರ್ಧವಷ್ಟೇ ಉಳಿದ ಕೆಲವು ತೆಳು ಏಣುಗಳು ಅವರ ಬೆರಳಿಗೆ ತಾಕಿದವು. ಫೆಟ್ಲಿಂಗ್ ವಿಭಾಗದ ಫೋರ್‌ಮನ್ನನಿಗೆ ಗುಳಿಯೊಳಗಿನ ತೆಳು ಏಣು ಎಂದರೆ ಒಂದೇ ಅರ್ಥ: ತೆಗೆಯದೆ ಬಿಟ್ಟ ರೆಕ್ಕೆ. ಸಂಜೆ ರೋಹಾನಾ ಆಂಟಿ ಬರುವಷ್ಟರಲ್ಲಿ ಆ ಗುಳಿ ಕನ್ನಡಿಯಂತೆ ಹೊಳೆಯುತ್ತಿತ್ತು.

ಅವರು ಅಚ್ಚನ್ನು ಎತ್ತಿಕೊಂಡರು. ಅಂಚನ್ನು ನೋಡಿ ನಕ್ಕರು. ಆಮೇಲೆ ಅವರ ಹೆಬ್ಬೆರಳು ಆ ನುಣುಪಾದ ಗುಳಿಯಲ್ಲಿ ನಿಂತಿತು.

"ಅಂಕಲ್," ಎಂದರು, "ಹಿಯರ್ ಗಾಟ್ ಫ್ಲವರ್ ವಾನ್."

ಇಲ್ಲೊಂದು ಹೂವಿತ್ತಲ್ಲ ಎಂದು ಅದರ ಅರ್ಥ. ಬೇರೆ ದಿನವಾಗಿದ್ದರೆ ಆ ವಾಕ್ಯದ ಕರ್ತೃಪದವೆಲ್ಲಿ ಎಂದು ನಾನು ಹುಡುಕುತ್ತಿದ್ದೆ. ಅಂದು ಅದರಲ್ಲಿ ನನಗೆ ಯಾವ ಕೊರತೆಯೂ ಕಾಣಲಿಲ್ಲ. ಅಪ್ಪನಿಗೆ ಇಂಗ್ಲಿಷ್ ಬೇಕಾಗಲಿಲ್ಲ. ಆ ಹೆಬ್ಬೆರಳು ಸಾಕಾಗಿತ್ತು.

"ಮಲ್ಲೂ," ಎಂದರು ಮೆಲ್ಲಗೆ, "ಅದು ರೆಕ್ಕಿ ಅಲ್ಲೇನ?"

"ಎಸಳು, ಅಪ್ಪ."

ರೋಹಾನಾ ಆಂಟಿ ನೆವರ್ ಮೈಂಡ್ ಎಂದರು. ಯಾವಾಗಲೂ ಮಾತಿನ ಕೊನೆಗೆ ಹಚ್ಚುವ 'ಲಾ' ಅದರಲ್ಲಿರಲಿಲ್ಲ. ಅಚ್ಚನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಲಿಫ್ಟಿನ ಕಡೆ ಹೋದರು.

ಊಟಕ್ಕೆ ಕುಳಿತ ಅಪ್ಪ ರೊಟ್ಟಿಯನ್ನು ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟರು. "ಸುನಂದವ್ವಾ, ನನ್ನ ಟಿಕೀಟ ತಗಸ ಬೇ. ಇದ್ದದ್ರಾಗ ಲಗೂನ ಯಾವ ವಿಮಾನ ಐತಿ, ಅದಕ್ಕ. ಊರಾಗ ಆದ್ರ ಕೆಟ್ಟ ಕಾಸ್ಟಿಂಗ್ ಕರಗಿಸಿ ಮತ್ತ ಹೊಯ್ತಿದ್ವಿ. ಆ ಹೆಣಮಗಳ ಅವ್ವನ ಹೂವು ಎಲ್ಲಿಂದ ಹೊಯ್ಲಿ?"

ಈ ಸಲ ಆಡಿಟ್ಟಿನ ನೆಪ ನಡೆಯುವಂತಿರಲಿಲ್ಲ. ಅವರು ಹೋದರೆ ಮತ್ತೆ ಬರುವವರಲ್ಲ ಎಂಬುದು ನನಗೆ ಸ್ಪಷ್ಟವಾಗಿ ತಿಳಿದಿತ್ತು. ಕರೆಸಿದವನು ನಾನು, ತಮ್ಮ ಕೈ ತಪ್ಪು ಮಾಡಿದ ಊರೆಂದೇ ಇದು ಅವರ ನೆನಪಿನಲ್ಲಿ ಉಳಿಯುತ್ತಿತ್ತು.

ಸುನಂದಾ ಸಾರಿನ ಬಟ್ಟಲನ್ನು ಅವರತ್ತ ಸರಿಸಿದಳು. "ಮಾವ, ನಮ್ಮಲ್ಲಿ ಪಾರ್ಟ್ ರಿಜೆಕ್ಟ್ ಆದ್ರೆ ಸೀದಾ ಸ್ಕ್ರ್ಯಾಪ್‌ಗೆ ಹಾಕಲ್ಲ. ರೀವರ್ಕ್ ಆಗುತ್ತಾ ಅಂತ ಮೊದಲು ನೋಡ್ತೀವಿ."

"ಏನ ರೀವರ್ಕ್? ತಗದದ್ದನ್ನ ಮತ್ತ ಹಚ್ಚಾಕ ಬರೂದಿಲ್ಲವಾ."

"ಹಚ್ಚೋದು ಬೇಡ. ಇನ್ನೂ ಒಳಗೆ ಹೋಗಿ. ಆ ಹಿತ್ತಾಳೆ ದಪ್ಪ ಇದೆ, ನಾನೂ ನೋಡಿದೀನಿ. ನಡುನಡುವೆ ಕಚ್ಚು ಕೊರೆದ್ರೆ, ಉಳಿದದ್ದು ಎಸಳಾಗಿ ನಿಲ್ಲಲ್ವಾ?"

ರೊಟ್ಟಿಯ ತುಂಡೊಂದು ಅಪ್ಪನ ಬಾಯಿಗೆ ಹೋಯಿತು.

ಅಚ್ಚನ್ನು ಮತ್ತೆ ಬೇಡಿ ತರುವ ಕೆಲಸ ನನಗೆ ಬಂತು. ಬೆಳಿಗ್ಗೆ ಕ್ಷಮಾಪಣೆಯ ಭಾಷಣವೊಂದನ್ನು ಮನಸ್ಸಿನಲ್ಲೇ ರಚಿಸಿಕೊಂಡು ಪಕ್ಕದ ಬಾಗಿಲು ತಟ್ಟಿದೆ. ಮೂರು ಉಪವಾಕ್ಯಗಳೂ ಒಂದು ಕರ್ಮಣಿ ಪ್ರಯೋಗವೂ ಇದ್ದ, ಯಾವ ಪರೀಕ್ಷಕನೂ ಅಂಕ ಕಳೆಯಲಾಗದ ಇಂಗ್ಲಿಷ್ ವಾಕ್ಯವದು. ಎರಡನೆಯ ಉಪವಾಕ್ಯದಲ್ಲಿ ರೋಹಾನಾ ಆಂಟಿ ಕೈಯೆತ್ತಿ ತಡೆದರು. "ಯುವರ್ ಫಾದರ್ ಈಟ್ ಆರ್ ನಾಟ್?" ಎಂದು ಕೇಳಿದರು. ಸರಿಯಾಗಿ ಉಂಡಿಲ್ಲ ಎಂದೆ. ಅವರು ಒಳಗೆ ಹೋಗಿ, ಬಟ್ಟೆಯ ಗಂಟನ್ನು ತಂದು ನನ್ನ ಕೈಗಿತ್ತರು. ಅರ್ಧ ಹೇಳಿದ ಭಾಷಣ ಇನ್ನೂ ನನ್ನಲ್ಲೇ ಉಳಿದಿದೆ.

ಅಪ್ಪ ಅಂದು ವಾಯ್ಡ್ ಡೆಕ್ಕಿಗೆ ಹೋಗಲಿಲ್ಲ. ಅಡುಗೆಮನೆಯ ಕಿಟಕಿಯ ಬೆಳಕಿನಲ್ಲಿ, ಸುನಂದಾ ತಂದುಕೊಟ್ಟ ಸೂಜಿಯಷ್ಟು ತೆಳುವಾದ ಅರಗಳನ್ನು ಸಾಲಾಗಿ ಜೋಡಿಸಿಕೊಂಡು, ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡು ಕುಳಿತರು. ಒಂದೊಂದು ಕಚ್ಚಿನ ಮೇಲೂ ಸುಣ್ಣದ ಪುಡಿ ತಿಕ್ಕಿ ನೋಡುವರು, ಊದುವರು, ಮತ್ತೆ ಕೊರೆಯುವರು. ನಾನು ಒಗ್ಗರಣೆ ಹಾಕಿದರೆ, "ಸಾಸಿವಿ ಸಿಡಸಬ್ಯಾಡ, ಕೈ ಅಳ್ಳಾಡ್ತೈತಿ," ಎಂದು ಗದರುವರು. ಆ ಎರಡು ದಿನ ನಮ್ಮ ಮನೆಯ ಸಾರಿಗೆ ಒಗ್ಗರಣೆ ಇರಲಿಲ್ಲ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ರೋಹಾನಾ ಆಂಟಿ ನಮ್ಮನ್ನು ಕರೆದರು. ಅಪ್ಪ ಬರಲೊಲ್ಲೆ ಎಂದರು. ಸುನಂದಾ ಅವರ ಚಪ್ಪಲಿಯನ್ನು ಬಾಗಿಲಿಗೆ ತಿರುಗಿಸಿಟ್ಟಳು. ಪಕ್ಕದ ಮನೆಯ ತುಂಬ ಬೆಂದ ಸಕ್ಕರೆಯ ಪರಿಮಳ, ನೆಲದ ತುಂಬ ಮೊಮ್ಮಕ್ಕಳು. ಆಂಟಿ ಮುಚ್ಚಳ ತೆಗೆದು ಅಚ್ಚನ್ನು ಮಗುಚಿದರು. ಹೊಂಬಣ್ಣದ ಹೂವುಗಳು ತಟ್ಟೆಗೆ ಉದುರಿದವು. ಅವುಗಳ ನಡುವೆ ಒಂದು ಮಾತ್ರ ಹೂವಾಗಿರಲಿಲ್ಲ. ಅದರ ಎಸಳುಗಳು ಒಂದೇ ಅಳತೆಯವು, ಒಂದೇ ಅಂತರದವು, ತುದಿಯಲ್ಲಿ ಚಪ್ಪಟೆ. ಬೆಳಗಾವಿಯ ಫೋರ್‌ಮನ್ನನ ಕಣ್ಣಿಗೆ ಸುಂದರವಾಗಿ ಕಂಡಿದ್ದ ಏಕೈಕ ಹೂವು ಅಲ್ಲಿ ಅರಳಿತ್ತು.

"ನೆನೆಕ್! ಗೇರ್ ಲಾ!" ಎಂದು ಅಜ್ಜಿಯನ್ನು ಕೂಗಿ ಮೊಮ್ಮಗಳು ಅದನ್ನು ಕಸಿದುಕೊಂಡಳು. ಅವಳ ಅಣ್ಣ ಅವಳಿಂದ ಕಸಿದುಕೊಂಡ. ಒಂದು ಹೊಯ್ಯಲಿಗೆ ಒಂದೇ ಗೇರ್ ಚಕ್ರ ಬರುತ್ತದೆಂದು ತಿಳಿದ ಮಕ್ಕಳು ಒಲೆಯ ಮುಂದೆ ಸಾಲುಗಟ್ಟಿ, ಸಾಲಿನಲ್ಲಿಯೇ ಜಗಳವಾಡತೊಡಗಿದರು. ರೋಹಾನಾ ಆಂಟಿ ಮುಖಕ್ಕೆ ಸೆರಗಿನಂಥ ತಲೆವಸ್ತ್ರವನ್ನು ಒತ್ತಿಕೊಂಡರು. ಅಳುತ್ತಿದ್ದಾರೆಂದು ನಾನು ಹೆದರಿದೆ. ಹೆಗಲು ಕುಲುಕುತ್ತಿದ್ದುದು ನಗುವಿನಿಂದ.

"ಅಂಕಲ್, ಎಲ್ಲವನ್ನೂ ಹೀಗೇ ಮಾಡಿಬಿಡಿ," ಎಂದರು, ಕಣ್ಣೊರೆಸಿಕೊಂಡು. "ಇಲ್ಲದಿದ್ದರೆ ಈ ಮಕ್ಕಳು ಹಬ್ಬದ ದಿನವೂ ಹೊಡೆದಾಡುತ್ತಾರೆ ಲಾ."

ನಾನು ಅನುವಾದಿಸಿದೆ. ಅಪ್ಪ ಅಚ್ಚಿನ ಉಳಿದ ಗುಳಿಗಳನ್ನು ಒಂದೊಂದಾಗಿ ನೋಡಿದರು, ಮುಟ್ಟಲಿಲ್ಲ.

"ಬ್ಯಾಡಂತ ಹೇಳ," ಎಂದರು. "ಒಂದ ಸಾಕು. ಉಳದವು ಆಕಿ ಅವ್ವನವು."

ಇದನ್ನು ನಾನು ಇಂಗ್ಲಿಷಿಗೆ ತರುವಾಗ, ಬದುಕಿನಲ್ಲಿ ಮೊದಲ ಬಾರಿಗೆ, ಒಂದು ಪದವನ್ನೂ ಕೂಡಿಸಲಿಲ್ಲ, ಕಳೆಯಲಿಲ್ಲ. ಆಂಟಿ ಒಂದು ಕುರ್ಚಿಯನ್ನು ಎಳೆದು ಅಪ್ಪನ ಹಿಂದೆ ಇಟ್ಟರು.

ಅಪ್ಪ ಕುಳಿತರು. ಮೊಟ್ಟೆಯಿದ್ದ ತಿಂಡಿಯನ್ನು ಅವರು ತಿನ್ನುವಂತಿಲ್ಲ. ಆದರೆ ಮುಂದಿನ ತಟ್ಟೆ ಬಂದಾಗ ಅವರ ಕೈ ಸುಮ್ಮನಿರಲಿಲ್ಲ. ಉಕ್ಕಿ ಬಂದ ಹಿಟ್ಟು ಪ್ರತಿ ಕೇಕಿನ ಸುತ್ತ ತೆಳ್ಳಗೆ ಹಪ್ಪಳದಂತೆ ಅಂಟಿಕೊಂಡಿತ್ತು. ಒಂದನ್ನು ಎತ್ತಿಕೊಂಡು, ತಿರುಗಿಸಿ ನೋಡಿ, ಆ ಹಪ್ಪಳವನ್ನು ಉಗುರಿನಿಂದ ಸುತ್ತಲೂ ಮುರಿದು, ಚೊಕ್ಕಟವಾದ ಹೂವನ್ನು ಬೇರೆ ತಟ್ಟೆಗಿಟ್ಟರು. ಮುರಿದ ಚೂರುಗಳಿಗೆ ಮಕ್ಕಳು ಕೈಯೊಡ್ಡಿದರು. ಅಪ್ಪ ಎರಡನೆಯದನ್ನು ಎತ್ತಿಕೊಂಡರು.

ಸುನಂದಾ ಮೊಬೈಲ್ ಹಿಡಿದು ಹತ್ತಿರ ಬಂದಳು. "ಮಾವ, ಏರ್‌ಲೈನ್‌ನವರು ಲೈನಲ್ಲಿದ್ದಾರೆ. ಶುಕ್ರವಾರ ಸೀಟ್ ಇದೆಯಂತೆ. ಬುಕ್ ಮಾಡ್ಲಾ?"

ಅಪ್ಪ ತಲೆಯೆತ್ತಲಿಲ್ಲ.

"ಹೆಂಗ ಮಾತಾಡ್ತಿ ನೋಡ," ಎಂದರು. "ಇಷ್ಟ ಕೆಲಸ ಬಿದ್ದೈತಿ ಇಲ್ಲೆ. ಇಡಾಕ ಹೇಳ ಫೋನ."

ರೋಹಾನಾ ಆಂಟಿ ಮೂರನೆಯ ತಟ್ಟೆಯನ್ನು ತಂದು ಅವರ ಮುಂದಿಟ್ಟರು.